ಆರು ಕಲ್ಲು

ಡೆಲಿತ್ ಪ್ರಾಸರ್ ಕೂತಿದ್ದನ್ನು ಕಂಡವರು ನಮ್ಮ ಕಣಿವೆಯಲ್ಲಿ ಕಡಿಮೆ. ಶಾಲೆಯ ಅಡುಗೆಮನೆಯಲ್ಲಿ ಇಡೀ ಶಾಲೆಯ ಮಕ್ಕಳಿಗೆ ಬೇಯಿಸಿ ಹಾಕುವ ಹೆಂಗಸು, ಪಾತ್ರೆ ತೊಳೆದು ಮುಗಿದ ಮೇಲೂ ನಿಂತೇ ಇರುತ್ತಿದ್ದಳು. ಚಹಾ ಕುಡಿಯುವುದು ನಿಂತು, ಫೋನಿನಲ್ಲಿ ಮಾತಾಡುವುದು ನಡೆದಾಡುತ್ತ, ಟೀವಿ ನೋಡುವುದು ಇಸ್ತ್ರಿ ಮಾಡುವ ನೆಪದಲ್ಲಿ. ವಯಸ್ಸು ಐವತ್ತು ದಾಟಿತ್ತು. ಎತ್ತರದ ಆಳು, ಅದಕ್ಕೆ ತಕ್ಕ ಅಗಲ, ಅಗಲ ಸ್ವಲ್ಪ ಮುಂದೆಯೇ ಹೋಗಿತ್ತು ಅನ್ನಿ. ದಪ್ಪಗಿರುವವರೆಲ್ಲ ಸೋಮಾರಿಗಳು ಎಂದು ಪತ್ರಿಕೆಗಳಲ್ಲಿ ಬರೆಯುವ ಮಹಾನುಭಾವರನ್ನು ಒಂದು ದಿನ ಅವಳ ಹಿಂದೆ ಓಡಾಡಲು ಬಿಡಬೇಕು. ಮಧ್ಯಾಹ್ನದೊಳಗೆ ಏದುಸಿರು ಬಿಡುತ್ತಾರೆ.

ಅವಳ ತಮ್ಮ ಗೆಥಿನ್‌ನದು ಇದಕ್ಕೆ ತದ್ವಿರುದ್ಧ. ಮನೆಮನೆಗೆ ಕಿಟಕಿ ಕೂರಿಸುತ್ತಿದ್ದ ಅವನು ಈಗ ವಾರಕ್ಕೆ ಮೂರು ದಿನ ಆಸ್ಪತ್ರೆಯ ಕುರ್ಚಿಯಲ್ಲಿ ತಾನೇ ಕೂತಿರಬೇಕಾಗಿತ್ತು. ಎರಡು ಮೂತ್ರಪಿಂಡಗಳೂ ಕೈಕೊಟ್ಟಿದ್ದವು. ತೋಳಿನಿಂದ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದು, ಮತ್ತೆ ಒಳಗೆ ಬರುವವರೆಗೆ ಅಲುಗಾಡುವಂತಿಲ್ಲ. ಡೆಲಿತ್ ಕೆಲಸ ಮುಗಿಸಿ ಬಂದು ಅವನ ಕುರ್ಚಿಯ ಸುತ್ತ ಠಳಾಯಿಸುತ್ತಿದ್ದಳು.

"ಲೇ ಡೆಲ್, ಕೂತ್ಕೊಳ್ಳೇ ಮಾರಾಯ್ತಿ. ನಿನ್ನ ನೋಡಿದ್ರೆ ಮೆಷಿನ್‌ಗೂ ತಲೆ ತಿರುಗುತ್ತೆ," ಎನ್ನುತ್ತಿದ್ದ ಗೆಥಿನ್.

"ನೀನು ಇಬ್ಬರ ಪಾಲಿಂದೂ ಕೂತಿದೀಯಲ್ಲ, ಸಾಕು ಬಿಡು."

ಅಮ್ಮ ಸತ್ತಾಗ ಗೆಥಿನ್ ಇನ್ನೂ ಚಡ್ಡಿ ಹಾಕುವ ಹುಡುಗ. ಅಪ್ಪ ಇದ್ದ, ಆದರೆ ಮನೆಗಿಂತ ಪಬ್ಬಿನಲ್ಲಿ ಹೆಚ್ಚು ಇದ್ದ. ತಮ್ಮನಿಗೆ ಬೇಯಿಸಿ ಹಾಕಿದ್ದು, ಹೇನು ಹೆಕ್ಕಿದ್ದು, ಶಾಲೆಗೆ ಅಟ್ಟಿದ್ದು ಎಲ್ಲ ಹದಿನಾರರ ಡೆಲಿತ್. ಆಮೇಲೆ ಅವಳಿಗೆ ಮದುವೆಯಾಯಿತು, ಗಂಡ ಬೇರೊಬ್ಬಳ ಜೊತೆ ಸ್ವಾನ್ಸಿ ಪಟ್ಟಣಕ್ಕೆ ಹೋದ, ಅದರಿಂದ ಅವಳಿಗೆ ಅಂಥ ನಷ್ಟವೇನೂ ಕಾಣಲಿಲ್ಲ. ಗೆಥಿನ್ ಹೋದರೆ ಮಾತ್ರ ಅವಳಿಗೆ ಯಾರೂ ಇರುತ್ತಿರಲಿಲ್ಲ.

ಆದ್ದರಿಂದಲೇ ತನ್ನದೊಂದು ಮೂತ್ರಪಿಂಡ ತೆಗೆದು ಅವನಿಗೆ ಕೊಡಿ ಎಂದು ಅವಳೇ ಹೋಗಿ ಕೇಳಿದ್ದಳು. ರಕ್ತ ನೋಡಿದರು, ಹೃದಯ ನೋಡಿದರು, ನಾನಾ ನಮೂನೆಯ ಫೋಟೋ ತೆಗೆದರು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ದೊಡ್ಡ ಡಾಕ್ಟರು ಎದುರಿಗೆ ಕೂರಿಸಿಕೊಳ್ಳಲು ನೋಡಿದರು. ಅವಳು ನಿಂತೇ ಕೇಳಿಸಿಕೊಂಡಳು.

"ಎಲ್ಲಾ ಚೆನ್ನಾಗಿ ಹೊಂದುತ್ತೆ. ಅಕ್ಕ ತಮ್ಮ ಅಂದ್ರೂ ಇಷ್ಟು ಹೊಂದೋದು ಅಪರೂಪ. ಒಂದೇ ಒಂದು ತೊಡಕು. ಹತ್ತಿ, ತೂಕ ನೋಡೋಣ."

ತಕ್ಕಡಿ ಹತ್ತಿದಾಗಲೆಲ್ಲ ಡೆಲಿತ್ ಚಾವಣಿ ನೋಡುತ್ತಿದ್ದಳು. ಅದು ಹುಡುಗಿಯಾಗಿದ್ದಾಗಿನ ಅಭ್ಯಾಸ. ಡಾಕ್ಟರು ಅಂಕಿ ನೋಡಿಕೊಂಡು ಕಂಪ್ಯೂಟರಿಗೆ ಹಾಕಿ, ನಕ್ಕು ಹೇಳಿದರು.

"ಇದು ಹೆಚ್ಚಾಯ್ತು. ಆರು ಇಳಿಸ್ಕೊಂಡು ಬನ್ನಿ, ಆಮೇಲೆ ಮುಂದಿನದು ಮಾತಾಡೋಣ. ಆಗುತ್ತಲ್ಲ?"

"ಆಗುತ್ತೆ ಡಾಕ್ಟ್ರೇ," ಎಂದಳು ಡೆಲಿತ್. ಅವರ ನಗುವಿನಲ್ಲಿ ಅವಳಿಗೆ ಕಂಡಿದ್ದು ಕನಿಕರ.

ನಮ್ಮಲ್ಲಿ ಮನುಷ್ಯರನ್ನು ತೂಗುವುದು ಕಲ್ಲಿನ ಲೆಕ್ಕದಲ್ಲಿ. ಹದಿನಾಲ್ಕು ಪೌಂಡು ಸೇರಿದರೆ ಒಂದು ಕಲ್ಲು. ಹಾಲಿಗೆ ಪಿಂಟು, ದಾರಿಗೆ ಮೈಲಿ, ಪೆಟ್ರೋಲಿಗೆ ಲೀಟರು, ಆಲೂಗಡ್ಡೆಗೆ ಕಿಲೋ, ಹೆಂಗಸಿನ ಸೊಂಟಕ್ಕೆ ಅಂಗುಲ, ಇಡೀ ಹೆಂಗಸಿಗೆ ಕಲ್ಲು. ಇದರಲ್ಲಿ ಗೊಂದಲವೇನಿದೆ ಎಂದು ನಾವು ಹೊರಗಿನವರನ್ನೇ ಕೇಳುತ್ತೇವೆ. ಡೆಲಿತ್ ಹದಿನೈದು ಕಲ್ಲಿನ ಹೆಂಗಸು. ಆರು ಕಳೆದರೆ ಒಂಬತ್ತು. ಮದುವೆಯ ದಿನ ಊಟ ಬಿಟ್ಟು ಬಿಗಿದುಕೊಂಡು ನಿಂತಾಗಲೂ ಅವಳು ಹತ್ತರ ಮೇಲಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬಾಯಿ ಬಿಟ್ಟು ಕೇಳುತ್ತಿದ್ದರು, ಆರಾ, ನಿಮಗೇನು ತಲೆ ಸರಿ ಇದೆಯಾ ಎಂದು. ಡೆಲಿತ್ ಕೇಳಲಿಲ್ಲ. ಹುಡುಗಿಯಾಗಿದ್ದಾಗ ಶಾಲೆಯ ಬಸ್ಸಿನ ಹಿಂದಿನ ಸೀಟಿನ ಹುಡುಗರು "ಪಿಯಾನೋ ಬಂತು, ದಾರಿ ಬಿಡ್ರೋ" ಎಂದು ಕೂಗುತ್ತಿದ್ದರು. ಆ ಕೂಗು ಅವಳ ಕಿವಿಯಿಂದ ಇಳಿದಿರಲೇ ಇಲ್ಲ. ಅಷ್ಟು ದಪ್ಪ ಇದ್ದೇನೆ, ಅದಕ್ಕೇ ಅಷ್ಟು ಹೇಳಿದರು ಎಂದು ಒಪ್ಪಿಕೊಂಡುಬಿಟ್ಟಳು. ಆ ಹುಡುಗರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರಲ್ಲಿ ಇಬ್ಬರು ಈಗ ಅವಳಿಗಿಂತ ಒಂದು ಕಲ್ಲು ಹೆಚ್ಚೇ ಇದ್ದಾರೆ.

ತೂಕದ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ. ಇಳಿಯದೆ ಹೋದರೆ ಕಣಿವೆಯ ಮಂದಿ ಬಾಯಿಗೆ ಬೀಳಬೇಕು, ಹೊಟ್ಟೆ ಕಟ್ಟಲಾರದೆ ತಮ್ಮನನ್ನು ಕೊಂದಳು ಅನ್ನಿಸಿಕೊಳ್ಳಬೇಕು. ಗೆಥಿನ್ ಕೇಳಿದಾಗಲೆಲ್ಲ "ಟೆಸ್ಟುಗಳು ನಡೀತಿವೆ ಕಣೋ" ಎಂದು ಜಾರಿಕೊಳ್ಳುತ್ತಿದ್ದಳು.

"ಇನ್ನೂ ಎಷ್ಟು ಟೆಸ್ಟು? ನಿನ್ನ ಚಂದ್ರಲೋಕಕ್ಕೆ ಕಳಿಸ್ತಾರಾ?"

"ಕಳಿಸಿದ್ರೆ ಹೋಗ್ತೀನಿ. ಅಲ್ಲಿ ತೂಕ ಕಮ್ಮಿಯಂತೆ."

ಊರಿನ ಪುಟ್ಟ ಚರ್ಚು ಚಾಪೆಲ್ಲಿನ ಹಿಂದಿನ ಸಭೆಯ ಹಾಲಿನಲ್ಲಿ ಪ್ರತಿ ಮಂಗಳವಾರ ಸಂಜೆ ತೂಕ ಇಳಿಸುವವರ ಕೂಟ ಸೇರುತ್ತಿತ್ತು. ನಡೆಸುತ್ತಿದ್ದವಳು ನೆರಿಸ್, ಒಂದು ಕಾಲಕ್ಕೆ ತಾನೇ ದಪ್ಪಗಿದ್ದ ಕ್ಷೌರದಂಗಡಿಯವಳು. ಆ ಕೂಟಕ್ಕೆ ಅದರದೇ ಮಡಿ ಮೈಲಿಗೆ ಇತ್ತು. ಮಂಗಳವಾರ ಬೆಳಗಿನಿಂದ ಯಾರೂ ಏನೂ ತಿನ್ನುವುದಿಲ್ಲ. ತಕ್ಕಡಿ ಹತ್ತುವ ಮುಂಚೆ ಬೂಟು, ಸ್ವೆಟರು, ಬೆಲ್ಟು, ಕಿವಿಯೋಲೆ ಎಲ್ಲ ಕಳಚಿಡಬೇಕು. ಡೆಲಿತ್‌ಳ ಜೊತೆ ಶಾಲೆಯಲ್ಲಿ ಅಡುಗೆ ಮಾಡುವ ಬೆರಿಲ್ ಒಂದು ಸಲ ಹಲ್ಲಿನ ಸೆಟ್ಟನ್ನೂ ತೆಗೆದಿಟ್ಟಿದ್ದಳು. ಯಾರದಾದರೂ ಒಂದು ಪೌಂಡು ಇಳಿದರೆ ಚಪ್ಪಾಳೆ. ಒಂದು ಪೂರ್ತಿ ಕಲ್ಲು ಇಳಿದರೆ ನೆರಿಸ್ ಹೊಳೆಯಿಂದ ಆರಿಸಿ ತಂದ ಉರುಟು ಕಲ್ಲೊಂದನ್ನು ಕೈಗಿಡುತ್ತಿದ್ದಳು. ಇದೆಲ್ಲ ಮುಗಿದ ಮೇಲೆ ಇಡೀ ಕೂಟ ರಸ್ತೆ ದಾಟಿ ಎದುರಿನ ಚಿಪ್ಸ್ ಅಂಗಡಿಗೆ ನುಗ್ಗುತ್ತಿತ್ತು. ಮುಂದಿನ ತೂಕದಿಂದ ಅದಕ್ಕಿಂತ ದೂರದ ಹೊತ್ತು ವಾರದಲ್ಲಿ ಇನ್ನೊಂದಿಲ್ಲ ಎಂಬುದು ಅವರ ತರ್ಕ. ಅಂಗಡಿಯವನು ಮಂಗಳವಾರ ಮಾತ್ರ ಇನ್ನೊಂದು ಬಾಣಲೆ ಇಡುತ್ತಿದ್ದ.

"ಎಷ್ಟು ಇಳಿಸ್ಬೇಕು ಅಂತಿದೀಯಮ್ಮ?" ಎಂದು ಮೊದಲ ದಿನ ನೆರಿಸ್ ಕೇಳಿದಳು.

"ಆರು ಕಲ್ಲು."

ಬೆರಿಲ್ ಸುಮ್ಮನಿರುವ ಜಾತಿಯವಳಲ್ಲ.

"ಒಂದು ಕಾಲು ಕಡಿಸ್ಕೊಂಡ್ಬಿಡೆ, ಬೇಗ ಆಗುತ್ತೆ."

"ನೀ ಸುಮ್ನಿರೆ," ಎಂದು ಅವಳನ್ನು ಗದರಿ ನೆರಿಸ್ ಡೆಲಿತ್‌ಳ ಕೈ ಹಿಡಿದಳು. "ನೋಡು, ಇಲ್ಲಿಗೆ ಬಂದು ಆರು ಅಂದೋರು ಯಾರೂ ಮೂರನೇ ವಾರ ಕಾಣಿಸಿಲ್ಲ. ಮೊದಲು ಅರ್ಧ ಕಲ್ಲು ಅಂತ ಇಟ್ಕೋ. ಅದು ಆದ್ಮೇಲೆ ಇನ್ನರ್ಧ. ಗುರಿ ಕೈಗೆ ಸಿಗೋ ಹಾಗಿರ್ಬೇಕು ಕಣೇ, ಇಲ್ದಿದ್ರೆ ಅದು ಗುರಿಯಲ್ಲ, ಶಿಕ್ಷೆ."

"ಅರ್ಧ ಕಲ್ಲು ಇಟ್ಕೊಂಡು ನಾನೇನ್ ಮಾಡ್ಲಿ? ನನಗೆ ಬೇಕಾಗಿರೋದು ಆರು."

"ಅಂಥದ್ದೇನು ಅವಸರ?"

"ಇದೆ ಒಂದು," ಎಂದು ಡೆಲಿತ್ ಬಾಯಿ ಮುಚ್ಚಿಕೊಂಡಳು.

ಆ ಎರಡು ತಿಂಗಳು ಅವಳು ತನ್ನ ಮೈಯನ್ನು ಹಗೆಯ ಹಾಗೆ ಕಂಡಳು. ಬೆಳಿಗ್ಗೆ ಎಲೆಕೋಸಿನ ಸಾರು, ರಾತ್ರಿ ಎಲೆಕೋಸಿನ ಸಾರು, ನಡುವೆ ಒಂದು ಮೊಟ್ಟೆ. ಬೆಳಕು ಹರಿಯುವ ಮುಂಚೆ ಎದ್ದು, ಹಳೆಯ ಗಣಿಯ ಹಿಂದಿನ ಗುಡ್ಡವನ್ನು ಮಳೆಯೆನ್ನದೆ ಗಾಳಿಯೆನ್ನದೆ ಹತ್ತಿ ಇಳಿಯುತ್ತಿದ್ದಳು. ಮಕ್ಕಳಿಗೆ ಕಸ್ಟರ್ಡ್ ಬಡಿಸುವಾಗ ಬಾಯಿಯಲ್ಲಿ ನೀರೂರಿದರೆ ತುಟಿ ಕಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಓವನ್ ಮುಂದೆ ಕಣ್ಣು ಕತ್ತಲೆಗಟ್ಟಿ, ಇಡೀ ಟ್ರೇ ಸಾಸೇಜು ನೆಲದ ಪಾಲಾಯಿತು. ಬೆರಿಲ್ ಅವಳನ್ನು ಗೋಡೆಗೆ ಒರಗಿಸಿ ನೀರು ಕುಡಿಸಿದಳು.

"ಯಾರಿಗೋಸ್ಕರ ಹಿಂಗೆ ಸಾಯ್ತಿದೀಯೆ? ಹೊಸ ಗಂಡು ಗಿಂಡು ಸಿಕ್ಕಿದಾನಾ?"

"ಸಿಕ್ಕಿದ್ರೆ ನಿನಗೇ ಮೊದಲು ತೋರಿಸ್ತೀನಿ ಬಿಡು."

"ಹಿಂಗೇ ಮಾಡ್ತಿದ್ರೆ ಪೆಟ್ಟಿಗೇಲಿ ಮಲಗಿ ತೋರಿಸ್ತೀಯ."

ನವೆಂಬರಿನ ಎರಡನೇ ಮಂಗಳವಾರ ಅವಳು ಕಳೆದುಕೊಂಡದ್ದು ಸರಿಯಾಗಿ ಒಂದು ಕಲ್ಲಾಯಿತು. ಕೂಟಕ್ಕೆ ಕೂಟವೇ ಚಪ್ಪಾಳೆ ತಟ್ಟಿತು. ನೆರಿಸ್ ಹೊಳೆಯ ಕಲ್ಲು ಕೊಟ್ಟು ತಬ್ಬಿಕೊಂಡಳು. ಮೊಟ್ಟೆಯಷ್ಟು ದೊಡ್ಡದು, ನೀಲಿ ಬೆರೆತ ಬೂದು ಬಣ್ಣ, ಅಂಗೈಗೆ ತಣ್ಣಗೆ. ಡೆಲಿತ್ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಎಲ್ಲರೂ ನಗುತ್ತಿದ್ದಾಗ ಅವಳಿಗೆ ಅಳು ಬಂತು, ಸಂತೋಷಕ್ಕಲ್ಲ. ಇಷ್ಟು ಒದ್ದಾಡಿದ್ದಕ್ಕೆ ಒಂದು. ಇನ್ನೂ ಐದು.

ಅದಾಗಿ ಎರಡೇ ದಿನಕ್ಕೆ, ಅಡುಗೆಮನೆಯ ಉಗ್ರಾಣದಲ್ಲಿ ಆಲೂಗಡ್ಡೆ ಚೀಲಗಳ ನಡುವೆ ನಿಂತಿದ್ದಾಗ ಫೋನು ಬಂತು. ಅಂಗ ಕೊಡುವವರನ್ನು ನೋಡಿಕೊಳ್ಳುವ ನರ್ಸ್ ಓಲ್ವೆನ್, ಒಳ್ಳೆಯ ಹೆಂಗಸು, ಯಾವಾಗಲೂ ಅವಸರದಲ್ಲಿರುವವಳು.

"ಹೇಗೆ ನಡೀತಿದೆ ಡೆಲಿತ್? ಎಷ್ಟಾಯ್ತು?"

"ಒಂದು ಇಳಿದಿದೆ. ಇನ್ನೂ ಐದು ಬಾಕಿ."

"ಅಯ್ಯೋ, ಬೇಜಾರು ಮಾಡ್ಕೋಬೇಡಿ. ಐದು ಏನ್ ಮಹಾ? ಸ್ವಲ್ಪ ಮನಸ್ಸು ಮಾಡಿದ್ರೆ ಕ್ರಿಸ್‌ಮಸ್ ಒಳಗೆ ಆಗ್ಬಿಡುತ್ತೆ. ನಮ್ಮಲ್ಲಿ ಎಷ್ಟೋ ಜನ ಮಾಡಿದಾರೆ. ಆದ ಕೂಡ್ಲೆ ಫೋನ್ ಮಾಡಿ, ಬಂದು ತೂಕ ನೋಡಿಸ್ಕೊಂಡು ಹೋಗಿ, ಆಯ್ತಾ?"

ಡೆಲಿತ್ ಆಯ್ತು ಎಂದಳು. ಫೋನು ಇಟ್ಟ ಮೇಲೂ ಅಲ್ಲೇ ನಿಂತಿದ್ದಳು. ಆರು ವಾರದಲ್ಲಿ ಐದು ಕಲ್ಲು. ಎಷ್ಟೋ ಜನ ಮಾಡಿದ್ದಾರೆ! ಹಾಗಾದರೆ ಆಗದಿರುವುದು ತನ್ನೊಬ್ಬಳಿಗೇ. ಬೇರೆಯವರು ತಮ್ಮವರನ್ನು ತನಗಿಂತ ಹೆಚ್ಚು ಪ್ರೀತಿಸುತ್ತಾರೆ, ಅದಕ್ಕೇ ಇಳಿಯುತ್ತಾರೆ ಎಂದು ಅವಳಿಗೆ ಅನ್ನಿಸಿತು. ಇದಕ್ಕಿಂತ ಕೆಟ್ಟ ಮಾತನ್ನು ಅವಳ ಹಗೆಯೂ ಅವಳಿಗೆ ಹೇಳಿರಲಿಲ್ಲ.

ಮುಂದಿನ ಮಂಗಳವಾರ ಅವಳು ಹಾಲಿಗೆ ಹೋಗಲಿಲ್ಲ. ನೆಟ್ಟಗೆ ಚಿಪ್ಸ್ ಅಂಗಡಿಗೆ ಹೋಗಿ ದೊಡ್ಡ ಮೀನು, ದೊಡ್ಡ ಚಿಪ್ಸು, ಮೇಲೆ ಮಸಾಲೆಯ ಕರಿ ಸಾಸು ಸುರಿಸಿಕೊಂಡು, ಬಸ್ಸಿನ ನಿಲ್ದಾಣದಲ್ಲಿ ನಿಂತು ಕೊನೆಯ ಚೂರಿನವರೆಗೂ ತಿಂದಳು. ರುಚಿ ಗೊತ್ತಾಗಲಿಲ್ಲ. ಆಮೇಲೆ ಡಿಸೆಂಬರ್ ಬಂತು. ನಮ್ಮಲ್ಲಿ ಡಿಸೆಂಬರಿನಲ್ಲಿ ಸಂತರೂ ದಪ್ಪಗಾಗುತ್ತಾರೆ. ಓಲ್ವೆನ್‌ಳ ಹೆಸರು ಫೋನಿನಲ್ಲಿ ಮಿನುಗಿದಾಗಲೆಲ್ಲ ಡೆಲಿತ್ ಅದನ್ನು ಬೋರಲು ಹಾಕಿ ಇನ್ನೊಂದು ಸಿಹಿ ಪೈ ಬಾಯಿಗಿಡುತ್ತಿದ್ದಳು. ಹೊಸ ವರ್ಷದ ಹೊತ್ತಿಗೆ ಹೋದ ಕಲ್ಲು ಹೋದ ದಾರಿಯಲ್ಲೇ ವಾಪಸು ಬಂದಿತ್ತು.

ಜನವರಿಯಲ್ಲಿ ಗೆಥಿನ್‌ಗೆ ಚಳಿಜ್ವರ ಹಿಡಿಯಿತು. ಸೂಜಿ ಚುಚ್ಚುವ ಜಾಗದಿಂದ ನಂಜು ರಕ್ತಕ್ಕೆ ಏರಿತ್ತು. ಮೂರು ದಿನ ಅವನು ಅಕ್ಕನನ್ನು ಅಮ್ಮ ಎಂದು ಕರೆದ. ನಾಲ್ಕನೆಯ ದಿನ ಕಣ್ಣು ತೆರೆದು "ಇಲ್ಲೂ ನಿಂತೇ ಇದೀಯಲ್ಲೇ" ಎಂದ. ಆದರೆ ಹಾಸಿಗೆಯಲ್ಲಿ ಉಳಿದದ್ದು ಅರ್ಧ ಗೆಥಿನ್. ಕಿಟಕಿಯ ದೊಡ್ಡ ಗಾಜನ್ನು ಒಬ್ಬನೇ ಎತ್ತುತ್ತಿದ್ದ ತೋಳು ಲೋಟ ಎತ್ತಲು ನಡುಗುತ್ತಿತ್ತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಡೆಲಿತ್‌ಗೆ ಗೊತ್ತಾಯಿತು. ತಾನು ಕೊಡುತ್ತೇನೆಂದು ಎಲ್ಲರೂ ಕಾಯುತ್ತಿದ್ದರೆ ಬೇರೆ ದಾರಿ ಯಾರು ಹುಡುಕುತ್ತಾರೆ? ಫೆಬ್ರವರಿಯ ಮೊದಲ ವಾರ ಅವಳು ವಾರ್ಡಿನಿಂದ ಇಳಿದು ಓಲ್ವೆನ್‌ಳ ಕೋಣೆಗೆ ಹೋದಳು. ಅಲ್ಲಿದ್ದ ಒಂದೇ ಕುರ್ಚಿಯನ್ನು ಓಲ್ವೆನ್ ಎಳೆದುಕೊಟ್ಟಳು. ಡೆಲಿತ್ ಅದರ ಬೆನ್ನು ಹಿಡಿದು ನಿಂತಳು.

"ನನ್ನ ಹೆಸರು ತೆಗೆದುಬಿಡಿ. ನನ್ನ ಕೈಲಿ ಆಗಲ್ಲ."

"ಯಾಕೆ, ಹೆದರಿಕೆ ಆಯ್ತಾ? ಆಗುತ್ತೆ ಎಲ್ರಿಗೂ."

"ಹೆದರಿಕೆ ಅಲ್ಲ ಸಿಸ್ಟರ್. ಎರಡೂ ತಗೊಳ್ಳಿ ಅಂದ್ರೂ ಕೊಡ್ತೀನಿ. ತೂಕ ಇಳೀತಿಲ್ಲ. ನೀವು ಎಷ್ಟೋ ಜನ ಮಾಡಿದಾರೆ ಅಂದ್ರಿ. ಅವರ ಕಾಲಿಗೆ ಬೀಳ್ತೀನಿ. ನನಗೆ ಆರು ಕಲ್ಲು ಇಳಿಸೋಕೆ ಈ ಜನ್ಮದಲ್ಲಿ ಆಗಲ್ಲ."

ಓಲ್ವೆನ್ ಯಾವುದೋ ಕಾಗದ ಎತ್ತಿಡುತ್ತಿದ್ದವಳು ಕೈ ನಿಲ್ಲಿಸಿದಳು.

"ಆರು ಏನು ಅಂದ್ರಿ?"

"ಕಲ್ಲು."

"ಡೆಲಿತ್, ಆರು ಕಲ್ಲು ಅಂತ ಯಾರು ಹೇಳಿದ್ದು? ಆರು ಕಿಲೋ."

ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು.

"ಕಿಲೋ ಅಂದ್ರೆ, ಆಲೂಗಡ್ಡೆ ಥರಾನಾ?"

"ಹ್ಞೂಂ. ಆಲೂಗಡ್ಡೆ ಥರಾ. ಆಸ್ಪತ್ರೇಲಿ ನಾವು ಎಲ್ಲಾ ಕಿಲೋದಲ್ಲೇ ತೂಗೋದು. ಆರು ಕಿಲೋ ಅಂದ್ರೆ ಒಂದು ಕಲ್ಲೂ ಪೂರ್ತಿ ಆಗಲ್ಲ..."

ನವೆಂಬರಿನ ಫೋನು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಒಂದು ಇಳಿದಿದೆ, ಇನ್ನೂ ಐದು ಬಾಕಿ. ಓಲ್ವೆನ್ ಕಾಗದ ಕೆಳಗಿಟ್ಟು "ನಾನಾದ್ರೂ ಕೇಳ್ಬೇಕಿತ್ತು, ಒಂದು ಏನು ಅಂತ," ಎಂದಳು. ಡೆಲಿತ್ ಕೋಟಿನ ಜೇಬಿಗೆ ಕೈ ಹಾಕಿದಳು. ಹೊಳೆಯ ಕಲ್ಲು ಅಲ್ಲೇ ಇತ್ತು. ನಡೆಯಬೇಕಾಗಿದ್ದ ದಾರಿ ಪೂರ್ತಿ ಅವಳ ಜೇಬಿನಲ್ಲಿ ಇಷ್ಟು ದಿನ ಬಿದ್ದಿತ್ತು. ದಿನಾ ಒಂದು ಕೈಯಲ್ಲಿ ಎತ್ತಿ ಒಲೆಯ ಪಕ್ಕಕ್ಕೆ ಹಾಕುತ್ತಿದ್ದ ಆಲೂಗಡ್ಡೆಯ ಸಣ್ಣ ಚೀಲದಷ್ಟು ತೂಕ. ಅವಳು ಅದನ್ನು ಇಳಿಸಿದ್ದಳು, ಕೈಗೂ ತೆಗೆದುಕೊಂಡಿದ್ದಳು, ಮತ್ತೆ ತಿಂದು ತುಂಬಿಸಿಕೊಂಡಿದ್ದಳು.

ವಾರ್ಡಿಗೆ ಹೋಗಿ ಗೆಥಿನ್‌ಗೆ ಎಲ್ಲವನ್ನೂ ಹೇಳಿದಳು, ಒಂದೇ ಉಸಿರಿನಲ್ಲಿ, ಮಂಚದ ಈ ತುದಿಯಿಂದ ಆ ತುದಿಗೆ ನಡೆದಾಡುತ್ತ. ಆರು ಕಲ್ಲು ಎಂದಾಗ ಅವನು ನಗಲು ಶುರುಮಾಡಿದ. ನಕ್ಕು ನಕ್ಕು ಕೆಮ್ಮಿದ, ಪಕ್ಕದ ಮಂಚದ ಮುದುಕ ಏನಾಯಿತೆಂದು ತಲೆಯೆತ್ತಿ ನೋಡಿದ.

"ಆರು ಕಲ್ಲಾ! ಅಯ್ಯೋ ದೇವ್ರೇ! ಆಮೇಲೆ ನಿನ್ನ ಹುಡುಕೋಕೆ ಟಾರ್ಚ್ ಬೇಕಾಗ್ತಿತ್ತಲ್ಲೇ."

"ನಗು, ನಗು."

"ಅಲ್ವೇ, ನನಗೆ ಒಂದು ಮಾತು ಹೇಳಿದ್ರೆ ಅವತ್ತೇ ಹೇಳ್ತಿದ್ನಲ್ಲೇ, ನೀನೆಲ್ಲಿ ಅಷ್ಟು ದಪ್ಪ ಇದೀಯ ಅಂತ. ಯಾವತ್ತಿದ್ದೆ ನೀನು ಅಷ್ಟು ದಪ್ಪ?"

ಕಣ್ಣು ಒರೆಸಿಕೊಳ್ಳುತ್ತಿದ್ದ ಗೆಥಿನ್‌ನ ನಗು ನಿಧಾನಕ್ಕೆ ಇಳಿಯಿತು. ಅವನಿಗೂ ಲೆಕ್ಕ ಬರುತ್ತಿತ್ತು.

"ನವೆಂಬರ್‌ನಲ್ಲಿ ಎಷ್ಟು ಇಳಿದಿತ್ತು ಅಂದೆ?"

"ಒಂದು ಕಲ್ಲು."

"ಅಂದ್ರೆ ಆಗಿತ್ತು."

"ಆಗಿತ್ತು."

"ಆಗ ನಾನು ನಡೀತಿದ್ದೆ ಡೆಲ್. ಮೆಟ್ಲು ಹತ್ತುತಿದ್ದೆ."

"ಗೊತ್ತು ಕಣೋ."

ಅವನು ಕಿಟಕಿಯ ಕಡೆ ತಿರುಗಿದ. ಗಾಜಿನ ಅಂಚಿಗೆ ಹಚ್ಚಿದ್ದ ಗಮ್ಮು ಕಿತ್ತುಬಂದಿತ್ತು, ಅದನ್ನೇ ತುಂಬ ಹೊತ್ತು ನೋಡಿದ. ಆಮೇಲೆ "ನೀನು ಈಗ ಹೋಗು" ಎಂದ. ಸಿಟ್ಟಿನಿಂದ ಕೂಗಿದ್ದರೆ ಅವಳಿಗೆ ಸಹಿಸಲು ಸುಲಭವಾಗುತ್ತಿತ್ತು. ಅವನು ಮೆತ್ತಗೆ ಹೇಳಿದ.

ಆ ವಾರ ಡೆಲಿತ್ ನಡೆದಳು. ತೂಕ ಇಳಿಸಲು ಅಲ್ಲ, ಮನೆಯಲ್ಲಿ ನಿಲ್ಲಲಾಗದೆ. ಗುಡ್ಡದ ಮೇಲೆ, ಹೊಳೆಯ ದಂಡೆಯಲ್ಲಿ, ಬಸ್ಸಿದ್ದರೂ ಬಸ್ಸು ಹತ್ತದೆ. ಭಾನುವಾರ ಮಧ್ಯಾಹ್ನ ಸೇತುವೆಯ ಮೇಲಿದ್ದಾಗ ಗೆಥಿನ್ ಫೋನು ಮಾಡಿದ.

"ಏನ್ ಮಾಡ್ತಿದೀಯ?"

"ನಡೀತಿದೀನಿ."

"ನಿಲ್ಲು. ಹಿಂಗೆ ನಡೆದು ನಡೆದು ಬಿದ್ರೆ ನನ್ನ ಕಿಡ್ನಿಗೆ ಪೆಟ್ಟಾಗುತ್ತೆ." ಅವನು ಒಮ್ಮೆ ಕೆಮ್ಮಿದ. "ಡಾಕ್ಟ್ರು ಬಂದಿದ್ರು. ಈಗಿನ ಮೈಗೆ ಆಪರೇಷನ್ ತಡ್ಕೊಳಲ್ವಂತೆ ನಾನು. ನಾಲ್ಕು ಹೆಚ್ಚಿಸ್ಕೊಂಡು ಬಾ ಅಂದ್ರು."

"ನಾಲ್ಕು ಏನು?" ಎಂದಳು ಡೆಲಿತ್ ಥಟ್ಟನೆ.

"ನಾನೂ ಅದನ್ನೇ ಕೇಳಿದೆ. ಕಿಲೋ ಅಂತೆ," ಎಂದ ಗೆಥಿನ್. "ಬಾಯಿ ರುಚಿ ಸತ್ತಿದೆ ಡೆಲ್. ಇಲ್ಲಿಯ ಊಟ ನಾಯೀನೂ ಮೂಸಲ್ಲ. ಏನಾದ್ರೂ ಮಾಡ್ಕೊಂಡು ಬಾ."

ಮೂತ್ರಪಿಂಡ ಕೆಟ್ಟವರಿಗೆ ಆಲೂಗಡ್ಡೆ ಹಾಗೇ ಕೊಡುವಂತಿಲ್ಲ. ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ಒಂದು ಸಲ ಬೇಯಿಸಿ ನೀರು ಚೆಲ್ಲಿ, ಇನ್ನೊಂದು ಸಲ ಬೇಯಿಸಬೇಕು. ಡೆಲಿತ್ ಅದನ್ನು ಬೆಣ್ಣೆಯಲ್ಲಿ ಹುರಿದು, ಕೋಳಿಯ ಜೊತೆ ಡಬ್ಬಿಗೆ ತುಂಬಿ ದಿನಾ ಒಯ್ದಳು. ಅವನು ಮೊದಮೊದಲು ಎರಡು ತುತ್ತಿಗೆ ಸಾಕು ಅನ್ನುತ್ತಿದ್ದ. ಅವಳು ಅವನ ತಲೆಯ ಮೇಲೆ ನಿಂತು ಮೂರನೆಯದನ್ನು ತಿನ್ನಿಸುತ್ತಿದ್ದಳು, ಅವನು ಚಡ್ಡಿ ಹಾಕುತ್ತಿದ್ದಾಗ ತಿನ್ನಿಸಿದ ಹಾಗೆಯೇ. ನವೆಂಬರಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಅದು ಅಲ್ಲೇ ಇತ್ತು. ಅವನು ಚಮಚ ಹಿಡಿಯಲು ತಡವರಿಸಿದಾಗಲೆಲ್ಲ ಅವಳು ಕಣ್ಣು ತಪ್ಪಿಸಿ ಡಬ್ಬಿಯ ಮುಚ್ಚಳ ಒರೆಸುತ್ತಿದ್ದಳು.

ಮಂಗಳವಾರ ಅವಳು ಚಾಪೆಲ್ ಹಾಲಿಗೆ ಹೋಗಿ ತಾನಾಗಿಯೇ ಎಲ್ಲರ ಮುಂದೆ ನಿಂತಳು. ಗೆಥಿನ್, ಮೂತ್ರಪಿಂಡ, ಕಲ್ಲು, ಕಿಲೋ, ಒಂದನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಬೆರಿಲ್ ಮೂಗು ಸೀಟಿಕೊಂಡಳು.

"ದರಿದ್ರದವಳೇ, ಮೊದಲೇ ಬೊಗಳೋಕೆ ಏನಾಗಿತ್ತೆ? ನಾವೆಲ್ಲ ಒಂದೊಂದು ಪೌಂಡ್ ಹಂಚ್ಕೊಂಡು ನಿನ್ನ ಅವತ್ತೇ ಕಳಿಸ್ತಿದ್ವಿ."

ನೆರಿಸ್ ಮಾತ್ರ ಮೊದಲ ದಿನದ ಪ್ರಶ್ನೆಯನ್ನೇ ಕೇಳಿದಳು. "ಎಷ್ಟು ಇಳಿಸ್ಬೇಕು ಅಂತಿದೀಯಮ್ಮ?"

"ಅರ್ಧ ಕಲ್ಲು."

"ಆಮೇಲೆ?"

"ಆಮೇಲೆ ಇನ್ನರ್ಧ."

"ಹಾಂ, ಈಗ ಬಂದೆ ದಾರಿಗೆ. ತಕ್ಕಡಿ ಹತ್ತು. ಚಾವಣೀಲಿ ಏನೂ ಬರೆದಿಲ್ಲ, ಕೆಳಗೆ ನೋಡು."

ಎಲೆಕೋಸಿನ ಸಾರು ಈ ಸಲ ಇರಲಿಲ್ಲ. ಎಲ್ಲರೂ ತಿನ್ನುವುದನ್ನೇ ತಿಂದಳು, ತಟ್ಟೆ ಮಾತ್ರ ಚಿಕ್ಕದು ತೆಗೆದುಕೊಂಡಳು. ತೂಕವಾದ ಮೇಲೆ ಎಲ್ಲರ ಜೊತೆ ಚಿಪ್ಸ್ ಅಂಗಡಿಗೂ ಹೋಗುತ್ತಿದ್ದಳು, ಮಕ್ಕಳ ಪೊಟ್ಟಣ ಕೇಳಿ, ನಿಧಾನಕ್ಕೆ ತಿನ್ನುತ್ತಿದ್ದಳು. ಕೆಲವು ವಾರ ಒಂದು ಪೌಂಡು ಇಳಿಯಿತು, ಕೆಲವು ವಾರ ಏನೂ ಇಲ್ಲ, ಈಸ್ಟರ್ ವಾರ ಮೇಲಕ್ಕೇ ಹೋಯಿತು. ಇಷ್ಟು ಮೆಲ್ಲಗೆ ಹೋದರೆ ಗೆಥಿನ್ ಅಷ್ಟು ದಿನ ತಡೆಯುತ್ತಾನೋ ಇಲ್ಲವೋ ಯಾರಿಗೆ ಗೊತ್ತು? ಅವಸರ ಮಾಡಿದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಹಸಿವನ್ನು ತಡೆಯುವುದಕ್ಕಿಂತ ಆ ಮೆಲ್ಲನೆಯ ನಡಿಗೆಯನ್ನು ತಡೆಯುವುದು ಅವಳಿಗೆ ಕಷ್ಟವಾಯಿತು.

ಜೂನಿನಲ್ಲಿ ಓಲ್ವೆನ್‌ಳ ಕೋಣೆಯ ತಕ್ಕಡಿಯ ಮೇಲೆ ನಿಂತು ಅವಳು ಕೆಳಗೆ ನೋಡಿದಳು. ಎಂಬತ್ತೊಂಬತ್ತು, ಸೆಪ್ಟೆಂಬರಿಗಿಂತ ಆರು ಕಡಿಮೆ. ಓಲ್ವೆನ್ "ಆಯ್ತು" ಎಂದಳು. ಡೆಲಿತ್ ಕೆಳಗಿಳಿದು, ಮತ್ತೆ ಹತ್ತಿ, ಇನ್ನೊಂದು ಸಲ ನೋಡಿದಳು.

"ಕಿಲೋನೇ ತಾನೇ ಸಿಸ್ಟರ್?"

"ಕಿಲೋನೇ. ಗಾಬರಿ ಬೇಡ, ಬೇಕಾದ್ರೆ ಗೋಡೆ ಮೇಲೆ ಬರೆದು ಹಾಕ್ತೀನಿ."

ಗೆಥಿನ್ ಕುರ್ಚಿಯಲ್ಲಿ ಯಂತ್ರಕ್ಕೆ ಅಂಟಿಕೊಂಡಿದ್ದ. ಕೆನ್ನೆ ಸ್ವಲ್ಪ ತುಂಬಿತ್ತು. ಮೂರು ಕಿಲೋ ಏರಿಸಿಕೊಂಡಿದ್ದ, ಇನ್ನೂ ಒಂದು ಬಾಕಿ ಇತ್ತು. ಅವಳು ಹೊಳೆಯ ಕಲ್ಲನ್ನು ಅವನ ಬಿಡುವಿದ್ದ ಕೈಯಲ್ಲಿಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇಷ್ಟೇನಾ?"

"ಅಷ್ಟೇ."

"ಇಷ್ಟಕ್ಕೆ ನೀನು..." ಅವನು ಮಾತು ನುಂಗಿದ. ನವೆಂಬರ್ ಅವನ ನಾಲಿಗೆಯ ತುದಿಗೆ ಬಂದಿತ್ತು, ಅವಳಿಗೆ ಕಂಡಿತು. ಅವನು ಬೆರಳು ಮಡಚಿ ಕಲ್ಲನ್ನು ಮುಷ್ಟಿಯೊಳಗೆ ಸೇರಿಸಿದ. "ಡಬ್ಬೀಲಿ ಏನ್ ತಂದಿದೀಯ?"

ಡೆಲಿತ್ ಪಕ್ಕದ ಕುರ್ಚಿ ಎಳೆದು ಕೂತಳು. ಮುಚ್ಚಳ ತೆಗೆದು ಚಮಚವನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಗೆಥಿನ್ ಬಾಯಿ ತೆರೆಯದೆ ಅವಳನ್ನೇ ನೋಡುತ್ತಿದ್ದ.

"ಏನೋ ಅದು? ತಿನ್ನು. ಇನ್ನೂ ಒಂದು ಬಾಕಿ ಇದೆ ನಿನಗೆ."

"ತಿಂತೀನಿ ಇರು," ಎಂದ ಗೆಥಿನ್. "ನೀನು ಕೂತ್ಕೊಂಡಿದೀಯ ಡೆಲ್."